ಗುಂಡುತೋಪಿಗೆ ಸರ್ಕಾರಿ ಅನುದಾನ: ಪಹಣಿಯಿಂದ ಮೂರನೇ ಬೇಸಿಗೆಯವರೆಗೆ

ಮಳೆಗಾಲ ಹತ್ತಿರ ಬರುತ್ತಿದ್ದಂತೆ ಪರಿಚಯದವರ ಫೋನು ಶುರುವಾಗುತ್ತದೆ. "ನಮ್ಮೂರ ಗುಂಡುತೋಪು ಹಾಳು ಬಿದ್ದಿದೆ. ಗಿಡ ಹಾಕಿಸಿ, ಜನ ಓಡಾಡೋಕೆ ಒಂದು ದಾರಿ ಮಾಡಿಸಬೇಕು ಅಂತಿದ್ದೀವಿ. ಯಾವ ಸ್ಕೀಮಲ್ಲಿ ದುಡ್ಡು ಸಿಗುತ್ತೆ?" ನಾನು ಮರಳಿ ಕೇಳುವುದು ಒಂದೇ ಪ್ರಶ್ನೆ: "ತೋಪಿನ ಸರ್ವೆ ನಂಬರ್ ಎಷ್ಟು?" ಹೆಚ್ಚಿನ ಸಲ ಆ ಕಡೆ ಮೌನ.

ಈ ಕೆಲಸದಲ್ಲಿ ಹಣ ಹುಡುಕುವುದೇ ಸುಲಭ. ನೆಲ ಎಲ್ಲಿಂದ ಎಲ್ಲಿಯವರೆಗೆ ಅನ್ನುವುದು ಕಾಗದದಲ್ಲೂ ಕಲ್ಲಿನಲ್ಲೂ ಗಟ್ಟಿಯಾಗದೆ ತಂದ ಅನುದಾನ ತಕರಾರಿನಲ್ಲಿ ಕೊಳೆಯುತ್ತದೆ. ನೆಟ್ಟ ಸಸಿಗೆ ಮೂರು ಬೇಸಿಗೆ ನೀರು ಹಾಕುವವರು ಯಾರು ಎಂದು ಗೊತ್ತಿಲ್ಲದೆ ತಂದ ಅನುದಾನ ಬಿಸಿಲಲ್ಲಿ ಒಣಗುತ್ತದೆ. ನಮ್ಮೂರಿನಲ್ಲಿ ಎರಡೂ ಆಗಿವೆ. ಮೊದಲ ವರ್ಷ ಬೇಲಿಯಿಲ್ಲದೆ, ಅಳತೆಯಿಲ್ಲದೆ ಇನ್ನೂರು ಸಸಿ ನೆಟ್ಟೆವು. ಸಂಕ್ರಾಂತಿ ಹೊತ್ತಿಗೆ ಉಳಿದದ್ದು ಹನ್ನೊಂದು. ಅವುಗಳಲ್ಲೂ ನಾಲ್ಕು ಪಕ್ಕದವರ ಹೊಲದೊಳಗಿವೆ ಎಂದು ಆಮೇಲೆ ತಿಳಿಯಿತು. ಅಲ್ಲಿಂದ ಕಲಿತು ಮತ್ತೆ ಮಾಡಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಹಣದ ಮಾತು ನಾಲ್ಕನೇ ಹಂತಕ್ಕೆ ಬರುತ್ತದೆ. ದಯವಿಟ್ಟು ಅಲ್ಲಿಗೆ ಹಾರಬೇಡಿ.

ಹಳೇ ಮೈಸೂರು ಸೀಮೆಯವರಿಗೆ ಗುಂಡುತೋಪು ಎಂದರೆ ಏನೆಂದು ಹೇಳಬೇಕಿಲ್ಲ. ಊರ ಹೊರಗೆ, ರಸ್ತೆ ಬದಿಗೋ ಕೆರೆಯ ಪಕ್ಕಕ್ಕೋ ಹಿರಿಯರು ಹಾಕಿದ ಮಾವು, ಹುಣಸೆ, ನೇರಳೆ, ಹಿಪ್ಪೆ, ಹೊಂಗೆಯ ಗುಂಪು ಅದು. ಸಂತೆಗೆ ಹೊರಟವರು ಗಾಡಿ ಬಿಚ್ಚಿ ಎತ್ತು ಕಟ್ಟುತ್ತಿದ್ದ ನೆರಳು. ಅದು ಯಾರ ಸ್ವಂತದ್ದೂ ಅಲ್ಲ, ಇಡೀ ಊರಿಗೆ ಸೇರಿದ್ದು. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. 54 ಎಕರೆಯ ಆ ತೋಪನ್ನು ಒಮ್ಮೆ ಹೋಗಿ ನೋಡಿ ಬನ್ನಿ. ನಿಮ್ಮೂರಿನ ಮೂರು ಎಕರೆಯ ಬೆಲೆ ಏನೆಂದು ಅಲ್ಲಿ ನಿಂತಾಗ ಗೊತ್ತಾಗುತ್ತದೆ.

ಒಂದನೇ ಹಂತ: ಕಾಗದ ಕೂಡಿಸುವುದು

ಮೊದಲು ಪಹಣಿ. ಭೂಮಿ ವೆಬ್‌ಸೈಟಿನಲ್ಲಿ ಸಿಗುತ್ತದೆ, ನಾಡಕಚೇರಿಯಲ್ಲೂ ಕೊಡುತ್ತಾರೆ. ಸರ್ವೆ ನಂಬರೇ ಗೊತ್ತಿಲ್ಲವಾದರೆ ಮೊಬೈಲಿಗೆ ದಿಶಾಂಕ್ ಆಪ್ ಹಾಕಿಕೊಂಡು ತೋಪಿನ ನಡುವೆ ನಿಂತು ನೋಡಿ, ನೀವು ನಿಂತ ಜಾಗದ ನಂಬರ್ ತೋರಿಸುತ್ತದೆ. ಇದು ಸುಳಿವು ಮಾತ್ರ, ದಾಖಲೆಯಲ್ಲ. ಗಡಿಯ ಹತ್ತಿರ ನಿಂತರೆ ನಾಲ್ಕು ಹೆಜ್ಜೆ ಆಚೀಚೆ ಆಗಬಹುದು.

ಪಹಣಿಯಲ್ಲಿ ಸ್ವಾಧೀನದಾರರ ಕಾಲಮ್ಮಿನಲ್ಲಿ "ಸರ್ಕಾರಿ ಗುಂಡುತೋಪು" ಎಂದಿದ್ದರೆ ಅರ್ಧ ಕೆಲಸ ಆದಂತೆ. "ಸರ್ಕಾರಿ" ಎಂದಷ್ಟೇ ಇದ್ದರೆ, ಅಥವಾ "ಗೋಮಾಳ", "ಖರಾಬು" ಎಂದಿದ್ದರೆ ಇನ್ನೂ ಕೆದಕಬೇಕು. ಖರಾಬಿನಲ್ಲಿ ಎರಡು ಬಗೆ. ಅ ಖರಾಬು ಸಾಗುವಳಿಗೆ ಬಾರದ ನೆಲ, ಬ ಖರಾಬು ದಾರಿ, ಹಳ್ಳ, ಕೆರೆ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ. ಈ ವ್ಯತ್ಯಾಸ ಪಹಣಿಯಲ್ಲಿ ಒಂದೇ ಅಕ್ಷರದ್ದು, ನೆಲದ ಮೇಲೆ ಒಂದು ಊರಿನದ್ದು.

ಎರಡನೆಯದು ಗ್ರಾಮ ನಕ್ಷೆ. ಅದರಲ್ಲಿ ಒಂಟಿ ಚುಕ್ಕಿಗೆರೆ ಇದ್ದರೆ ಕಾಲುದಾರಿ, ಜೋಡಿ ಚುಕ್ಕಿಗೆರೆ ಇದ್ದರೆ ಬಂಡಿದಾರಿ. ಇವನ್ನೇ ನಮ್ಮ ಕಡೆ "ನಕಾಶೆ ಕಂಡ ದಾರಿ" ಅನ್ನುವುದು. ತೋಪಿಗೂ ಕೆರೆಗೂ ನಡುವೆ ನಡಿಗೆ ದಾರಿ ಮಾಡಬೇಕೆಂದಿದ್ದರೆ ಈ ಚುಕ್ಕಿಗೆರೆ ಹಿಡಿದೇ ಹೊರಡಿ. ನಕಾಶೆ ಕಂಡ ದಾರಿಯನ್ನು ಯಾರಾದರೂ ಉತ್ತು ಮುಚ್ಚಿದ್ದರೆ ತೆರವು ಮಾಡಿಸಲು ಕಾನೂನು ನಿಮ್ಮ ಕಡೆ ಇರುತ್ತದೆ. ನಕ್ಷೆಯಲ್ಲಿಲ್ಲದ ದಾರಿಗೆ ಹೊಲದವರ ಕೈಕಾಲು ಹಿಡಿಯಬೇಕು.

ಇವುಗಳ ಜೊತೆ ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ) ಮತ್ತು ಟಿಪ್ಪಣಿಯ (ಸರ್ವೆಯ ಅಳತೆ ನಕ್ಷೆ) ನಕಲನ್ನು ತಾಲ್ಲೂಕು ಕಚೇರಿಯ ಭೂದಾಖಲೆ ವಿಭಾಗದಿಂದ ತೆಗೆಸಿ. ಪಹಣಿಯ ವಿಸ್ತೀರ್ಣವೂ ಆಕಾರಬಂದಿನ ವಿಸ್ತೀರ್ಣವೂ ತಾಳೆಯಾಗದಿದ್ದರೆ ಈಗಲೇ ತಹಶೀಲ್ದಾರರ ಗಮನಕ್ಕೆ ಬರವಣಿಗೆಯಲ್ಲಿ ತನ್ನಿ. ಅನುದಾನ ಬಂದ ಮೇಲೆ ಇದು ಎದ್ದರೆ ಕಡತ ಅಲ್ಲೇ ಕೂರುತ್ತದೆ.

ಇನ್ನು ಎರಡು ವಿಚಾರಣೆ ಮರೆಯಬೇಡಿ. ಬಗರ್‌ಹುಕುಂ, ಅಂದರೆ ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯ ಸಕ್ರಮಕ್ಕಾಗಿ ಈ ನಂಬರಿನ ಮೇಲೆ ಯಾರಾದರೂ ನಮೂನೆ 50, 53 ಅಥವಾ 57ರಲ್ಲಿ ಅರ್ಜಿ ಹಾಕಿದ್ದಾರೆಯೇ ಎಂದು ಗ್ರಾಮ ಆಡಳಿತ ಅಧಿಕಾರಿಯನ್ನು ಕೇಳಿ. ಹಾಗೆಯೇ ಈ ಜಾಗ ಡೀಮ್ಡ್ ಫಾರೆಸ್ಟ್ (ಅಧಿಸೂಚನೆ ಆಗದಿದ್ದರೂ ಅರಣ್ಯವೆಂದೇ ಪರಿಗಣಿಸಿದ ಜಾಗ) ಪಟ್ಟಿಯಲ್ಲಿದೆಯೇ ಎಂದು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ಪಟ್ಟಿಯಲ್ಲಿದ್ದರೆ ಅರಣ್ಯ ಸಂರಕ್ಷಣಾ ಕಾಯ್ದೆಯ ಕಟ್ಟು ಬೀಳುತ್ತದೆ. ಗಿಡ ನೆಡಲು ಅದರಿಂದ ತೊಂದರೆಯಿಲ್ಲ, ಆದರೆ ಕಟ್ಟಡ, ಕಾಂಕ್ರೀಟಿನ ಯೋಚನೆ ಅಲ್ಲಿಗೇ ಬಿಡಿ.

ಜಾಗ ಬರೀ "ಸರ್ಕಾರಿ" ಎಂದಿದ್ದರೆ, 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 71ನೇ ಕಲಂ ಅಡಿಯಲ್ಲಿ ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಪಂಚಾಯಿತಿಯ ಠರಾವಿನೊಂದಿಗೆ ತಹಶೀಲ್ದಾರರ ಮೂಲಕ ಪ್ರಸ್ತಾವನೆ ಹೋಗಬೇಕು. ತಿಂಗಳುಗಟ್ಟಲೆ ಹಿಡಿಯಬಹುದು. ಆದರೂ ಮಾಡಿಸಿ. ಕಾಯ್ದಿರಿಸದ ನೆಲದ ಮೇಲೆ ನಾಳೆ ಗೋದಾಮಿಗೋ ನಿವೇಶನಕ್ಕೋ ಇನ್ನೊಂದು ಪ್ರಸ್ತಾವನೆ ಬರುತ್ತದೆ.

ಎರಡನೇ ಹಂತ: ಅಳತೆ ಮತ್ತು ಕಲ್ಲು

ಹದ್ದುಬಸ್ತು, ಅಂದರೆ ಅಳೆದು ಗಡಿ ಗುರುತು ಮಾಡಿಸಲು ಪಂಚಾಯಿತಿಯಿಂದ ತಹಶೀಲ್ದಾರರಿಗೆ ಪತ್ರ ಹೋಗಬೇಕು, ಅಲ್ಲಿಂದ ಭೂಮಾಪನ ಇಲಾಖೆಗೆ. ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ನೋಟಿಸಿಲ್ಲದ ಅಳತೆ ಮುಂದೆ ನಿಲ್ಲುವುದಿಲ್ಲ.

ನಮ್ಮ ತೋಪಿನ ಅಳತೆಯ ದಿನ ನನಗೆ ಚೆನ್ನಾಗಿ ನೆನಪಿದೆ. ಪಹಣಿಯಲ್ಲಿ 3 ಎಕರೆ 12 ಗುಂಟೆ. ಸರ್ವೆಯರ್ ಟಿಪ್ಪಣಿ ಹರಡಿಕೊಂಡು ಈಶಾನ್ಯ ಮೂಲೆಯ ಬಾಂದು ಕಲ್ಲು (ಗಡಿಯ ಗುರುತುಕಲ್ಲು) ಹುಡುಕುತ್ತಿದ್ದರು. ಕಂಡ ಕಡೆಯೆಲ್ಲ ಲಂಟಾನ. ಎಂಬತ್ತು ದಾಟಿದ ಅಜ್ಜನೊಬ್ಬ ಕೋಲೂರಿಕೊಂಡು ಬಂದು, "ಹಿಪ್ಪೆಮರದ ಬುಡದಿಂದ ಮೂಡಲಕ್ಕೆ ಹದಿನೆಂಟು ಹೆಜ್ಜೆ ಹಾಕ್ರಪ್ಪ" ಅಂದ. ಹಾಕಿದೆವು. ಮಚ್ಚಿನಿಂದ ಪೊದೆ ಸವರಿ, ಹಾರೆಯಿಂದ ಒಂದು ಗೇಣು ಮಣ್ಣು ಕೆರೆದಾಗ ಕಲ್ಲಿನ ತಲೆ ಕಂಡಿತು, ಮೇಲೆ ಅಡ್ಡಗೆರೆಯ ಗುರುತಿನ ಸಮೇತ. ಅದರಿಂದ ಹಿಡಿದ ಅಳತೆಗೆ ಟಿಪ್ಪಣಿ ಸರಿಯಾಗಿ ಕೂತಿತು. ದಕ್ಷಿಣದ ಬದಿಯಲ್ಲಿ ಹದಿನಾಲ್ಕು ಗುಂಟೆ ಒತ್ತುವರಿ. ಹಾಗಾಗಿ ನನ್ನ ಸಲಹೆ: ಅಳತೆಯ ದಿನ ಊರಿನ ಹಿರಿಯರನ್ನು, ಅದರಲ್ಲೂ ದನ ಮೇಯಿಸಿದವರನ್ನು ಕರೆದುಕೊಂಡು ಹೋಗಿ. ಅವರ ನೆನಪಿನಲ್ಲಿ ಇರುವ ಗುರುತು ಯಾವ ನಕಲಿನಲ್ಲೂ ಇರುವುದಿಲ್ಲ. ಇನ್ನು ಹತ್ತು ವರ್ಷಕ್ಕೆ ಆ ನೆನಪೂ ಇರುವುದಿಲ್ಲ.

ಒತ್ತುವರಿ ಬಿಡಿಸಲು ಭೂ ಕಂದಾಯ ಕಾಯ್ದೆಯ 104ನೇ ಕಲಂ ಇದೆ, ಶಿಕ್ಷೆಗೆ 192ಎ ಇದೆ. 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗ್ರಾಮದ ಸಮುದಾಯ ಭೂಮಿಯ ಒತ್ತುವರಿ ತೆರವಿಗೆ ಎಲ್ಲ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿದೆ. ಮನವಿಯಲ್ಲಿ ಆ ತೀರ್ಪನ್ನು ಒಂದು ಸಾಲಿನಲ್ಲಿ ಹೆಸರಿಸಿ. ಆದರೆ ಕಾನೂನು ಎತ್ತುವ ಮೊದಲು ಒತ್ತುವರಿದಾರರ ಜಗಲಿಯಲ್ಲಿ ಕೂತು ಮಾತಾಡಿ. ನಮ್ಮಲ್ಲಿ ದಕ್ಷಿಣದ ಹೊಲದವರು ರಾಗಿ ಕುಯ್ಲು ಮುಗಿಯುವವರೆಗೆ ಸಮಯ ಕೇಳಿದರು, ಕೊಟ್ಟೆವು, ಮಾತಿನಂತೆ ಬಿಟ್ಟರು. ಈಗ ತೋಪಿಗೆ ಬೆಂಕಿ ಬಿದ್ದರೆ ಮೊದಲು ಓಡಿ ಬರುವವರು ಅವರೇ. ಅಲ್ಲಿ ಗುಡಿಸಲು ಹಾಕಿಕೊಂಡ ಬಡವರಿದ್ದರೆ ಪರ್ಯಾಯ ಸೂರಿನ ವ್ಯವಸ್ಥೆ ಆಗುವವರೆಗೆ ಕೈ ಹಾಕಲೇಬೇಡಿ. ಮನೆ ಮುರಿದು ಮಾಡಿದ ತೋಪಿನಲ್ಲಿ ಊರಿನವರು ಯಾವ ಮನಸ್ಸಿನಿಂದ ಕೂರುತ್ತಾರೆ?

ಅಳತೆ ಮುಗಿದ ದಿನವೇ ಕಲ್ಲು ನೆಡಿಸಿ. ಮೂಲೆಗಳಿಗಷ್ಟೇ ಸಾಲದು, ಗಡಿ ತಿರುಗುವ ಪ್ರತಿ ಕಡೆ ಇರಲಿ. ಸರ್ವೆ ಸ್ಕೆಚ್‌ನ ನಕಲು ಪಂಚಾಯಿತಿ ಕಡತದಲ್ಲಿ ಒಂದು, ಶಾಲೆಯಲ್ಲಿ ಒಂದು, ಊರಿನ ಇಬ್ಬರ ಮನೆಯಲ್ಲಿ ಒಂದೊಂದು ಇಡಿ.

ಮೂರನೇ ಹಂತ: ಊರಿನ ಒಪ್ಪಿಗೆ ಮತ್ತು ಠರಾವು

"ಪಾರ್ಕ್ ಮಾಡ್ತೀವಿ" ಎಂದರೆ ಕುರಿಯವರಿಗೆ ಕೇಳಿಸುವುದು "ನಿಮಗಿನ್ನು ಜಾಗವಿಲ್ಲ" ಎಂದು. ನೂರು ರಾಸುಗಳಿಗೆ 30 ಎಕರೆ ಗೋಮಾಳ ಇರಬೇಕೆಂದು ಭೂ ಕಂದಾಯ ನಿಯಮಾವಳಿ ಹೇಳುತ್ತದೆ. ಬಹಳ ಊರುಗಳಲ್ಲಿ ಅದು ಎಂದೋ ಕರಗಿ ಹೋಗಿ, ಉಳಿದ ಮೇವಿನ ಜಾಗ ತೋಪೊಂದೇ. ಹಾಗಾಗಿ ಬೇಲಿ ಹಾಕುವ ಮೊದಲು ಕುರಿ ಮೇಯಿಸುವವರನ್ನು, ಹುಣಸೆಹಣ್ಣು ಆಯುವ ಹೆಂಗಸರನ್ನು, ಹೊಂಗೆ ಬೀಜ ಕೂಡಿಸುವವರನ್ನು ಕೂರಿಸಿಕೊಂಡು ಮಾತಾಡಿ. ನಾವು ತೋಪನ್ನು ಎರಡು ಭಾಗ ಮಾಡಿದೆವು. ಮೊದಲ ಮೂರು ವರ್ಷ ಉತ್ತರದ ಅರ್ಧಕ್ಕೆ ಮಾತ್ರ ಕಂದಕ, ದಕ್ಷಿಣದ ಅರ್ಧ ಮೇವಿಗೆ. ಸಸಿ ಕೈಗೆಟುಕದಷ್ಟು ಬೆಳೆದ ಮೇಲೆ ಅದಲು ಬದಲು. ನಿಧಾನದ ದಾರಿ ನಿಜ, ಆದರೆ ಒಂದು ರಾತ್ರಿಯೂ ಬೇಲಿ ಮುರಿಯಲಿಲ್ಲ.

ಒಪ್ಪಿಗೆ ಬಾಯಿಮಾತಿನಲ್ಲಿದ್ದರೆ ಲೆಕ್ಕಕ್ಕಿಲ್ಲ. ವಾರ್ಡ್ ಸಭೆಯಲ್ಲಿ ವಿಷಯ ಎತ್ತಿ, ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಮುಂದಿನ ವರ್ಷದ ಪಂಚಾಯಿತಿ ಅಭಿವೃದ್ಧಿ ಯೋಜನೆ ಮತ್ತು ಉದ್ಯೋಗ ಖಾತ್ರಿಯ ಕ್ರಿಯಾ ಯೋಜನೆಯ ತಯಾರಿ ಅಕ್ಟೋಬರ್ 2ರಿಂದ ಶುರುವಾಗುವ ಗ್ರಾಮಸಭೆಗಳಲ್ಲಿ ನಡೆಯುತ್ತದೆ. ಆ ಸಭೆ ತಪ್ಪಿದರೆ ಒಂದು ಮಳೆಗಾಲ ತಪ್ಪಿದಂತೆ. ಕೋರಂ ತುಂಬಿದೆಯೇ, ಹಾಜರಿ ಪುಸ್ತಕದಲ್ಲಿ ಹೆಂಗಸರ ಸಹಿ ಇದೆಯೇ, ಠರಾವು ನಡಾವಳಿ ಪುಸ್ತಕಕ್ಕೆ ಏರಿತೇ ಎಂದು ಅಲ್ಲೇ ನೋಡಿ. ಸಭೆಯಲ್ಲಿ ಚಪ್ಪಾಳೆ ಬಿದ್ದು ಪುಸ್ತಕದಲ್ಲಿ ಬಾರದ ವಿಷಯಗಳು ಬೇಕಾದಷ್ಟಿವೆ.

ಠರಾವು ಹೀಗಿರಲಿ: "ಗ್ರಾಮದ ಸರ್ವೆ ನಂಬರ್ ಇಷ್ಟರಲ್ಲಿ ಇಷ್ಟು ಎಕರೆ ಇಷ್ಟು ಗುಂಟೆ ವಿಸ್ತೀರ್ಣದ ಸರ್ಕಾರಿ ಗುಂಡುತೋಪನ್ನು ಗುಂಡುತೋಪಾಗಿಯೇ ಉಳಿಸಿಕೊಳ್ಳಲು, ಅನ್ಯ ಉದ್ದೇಶಕ್ಕೆ ನೀಡದಿರಲು, ಗಡಿಗೆ ಕಂದಕ ತೆಗೆದು ಸ್ಥಳೀಯ ಜಾತಿಯ ಸಸಿ ನೆಡಲು, ಮೂರು ವರ್ಷದ ನಿರ್ವಹಣೆಯನ್ನು ಕ್ರಿಯಾ ಯೋಜನೆಯಲ್ಲಿ ಸೇರಿಸಲು ಹಾಗೂ ಉತ್ತರ ಭಾಗ ಮುಚ್ಚಿರುವ ಅವಧಿಯಲ್ಲಿ ದಕ್ಷಿಣ ಭಾಗವನ್ನು ಮೇವಿಗೆ ಬಿಡಲು ಸಭೆ ಸರ್ವಾನುಮತದಿಂದ ತೀರ್ಮಾನಿಸಿದೆ." ಸರ್ವೆ ನಂಬರ್, ವಿಸ್ತೀರ್ಣ, ಮೂರು ವರ್ಷ ಎಂಬ ಮೂರು ಮಾತು ಇಲ್ಲದ ಠರಾವಿಗೆ ಸಹಿ ಹಾಕಬೇಡಿ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮಲ್ಲಿ ಅದು ಕಾಗದದ ಮೇಲಷ್ಟೇ ಇರಬಹುದು. ಎಬ್ಬಿಸಿ. ತೋಪಿನ ಮರ, ಹಕ್ಕಿ, ಜೇನು, ಔಷಧಿ ಗಿಡಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಿಸಿದರೆ, ಮುಂದೆ ಯಾರಾದರೂ "ಅಲ್ಲೇನಿದೆ, ಬರೀ ಪೊದೆ" ಎಂದಾಗ ತೋರಿಸಲು ಸರ್ಕಾರಿ ಪುಸ್ತಕವೊಂದು ಕೈಯಲ್ಲಿರುತ್ತದೆ.

ನಾಲ್ಕನೇ ಹಂತ: ಹಣ ಎಲ್ಲೆಲ್ಲಿದೆ

ಯಾವ ಒಂದು ಬಾಬ್ತೂ ಪೂರ್ತಿ ಕೆಲಸಕ್ಕೆ ಸಾಲುವುದಿಲ್ಲ. ಕೆಲಸವನ್ನು ತುಂಡು ಮಾಡಿ, ಒಂದೊಂದು ತುಂಡನ್ನು ಅದಕ್ಕೆ ಹೊಂದುವ ಅನುದಾನಕ್ಕೆ ಜೋಡಿಸಬೇಕು. ಒಂದೇ ತುಂಡನ್ನು ಎರಡು ಕಡೆ ತೋರಿಸಿದರೆ ಲೆಕ್ಕ ಪರಿಶೋಧನೆಯಲ್ಲಿ ಸಿಕ್ಕಿಬೀಳುತ್ತೀರಿ.

ಮಣ್ಣಿನ ಕೆಲಸಕ್ಕೆ ಉದ್ಯೋಗ ಖಾತ್ರಿಗಿಂತ ಒಳ್ಳೆಯದಿಲ್ಲ. ಕಂದಕ, ಗುಂಡಿ, ನೆಡುವುದು, ನೀರು ಹಾಕುವುದು, ಇಂಗುಗುಂಡಿ, ಕಟ್ಟೆಯ ಹೂಳು ತೆಗೆಯುವುದು ಎಲ್ಲವೂ ಕೈಕೆಲಸ, ಎಲ್ಲವೂ ಕೂಲಿ. 2005ರ ಕಾಯ್ದೆಯಲ್ಲಿ ಕೂಲಿಗೂ ಸಾಮಗ್ರಿಗೂ 60:40ರ ಅನುಪಾತವಿತ್ತು, ಗುತ್ತಿಗೆದಾರರಿಗೆ ಜಾಗವಿರಲಿಲ್ಲ. ಕರ್ನಾಟಕದಲ್ಲಿ 2025-26ರ ದಿನಗೂಲಿ 370 ರೂಪಾಯಿ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ ಹೊಸದೊಂದನ್ನು ತಂದು ವರ್ಷಕ್ಕೆ 125 ದಿನದ ಕೆಲಸ ಎಂದಿತು. ಹಾಗಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಳಿ ಮೊದಲು ಕೇಳಬೇಕಾದ್ದು, ಈ ವರ್ಷದ ಕ್ರಿಯಾ ಯೋಜನೆ ಯಾವ ನಿಯಮದಡಿ ಆಗುತ್ತಿದೆ, ತೋಪಿನ ಕೆಲಸ ಯಾವ ವರ್ಗದಲ್ಲಿ ಬರುತ್ತದೆ ಎಂದು. ನಮ್ಮಲ್ಲಿ ಕೂಲಿಗೆ ಬರುವವರು ನಮೂನೆ 6 ತುಂಬಿ ಕೆಲಸ ಕೇಳಿದ ದಿನವೇ ಸ್ವೀಕೃತಿ ಪಡೆದರು. ಕೆಲಸ ಬೇಡುವ ಕೈಗಳಿದ್ದಾಗ ಕಡತ ತಾನಾಗಿ ಓಡುತ್ತದೆ.

ಹಣಕಾಸು ಆಯೋಗದ ಅನುದಾನ ನೇರವಾಗಿ ಪಂಚಾಯಿತಿಗೇ ಬರುವಂಥದ್ದು. 2021ರಿಂದ 26ರ ಅವಧಿಗೆ 15ನೇ ಆಯೋಗ ಅದರಲ್ಲಿ 60 ಭಾಗವನ್ನು ಕುಡಿಯುವ ನೀರು, ಮಳೆನೀರು ಕೊಯ್ಲು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿ, ಉಳಿದ 40 ಭಾಗವನ್ನು ಸ್ಥಳೀಯ ಅಗತ್ಯಕ್ಕೆ ಬಿಟ್ಟಿತ್ತು. ತೋಪಿನ ಕಲ್ಯಾಣಿಗೋ ಇಂಗುಕೆರೆಗೋ ಮಳೆನೀರಿನ ಬಾಬ್ತು ಹೊಂದುತ್ತದೆ. ಕೂರುವ ಕಲ್ಲುಬೆಂಚಿಗೆ, ನಡಿಗೆ ದಾರಿಗೆ ಕಟ್ಟಿಲ್ಲದ ಭಾಗ ಹೊಂದುತ್ತದೆ. ಚಾಲ್ತಿ ಅವಧಿಯ ಮಾರ್ಗಸೂಚಿಯಲ್ಲಿ ಈ ಹಂಚಿಕೆ ಹೇಗಿದೆ ಎಂದು ಓದಿಕೊಂಡೇ ಎಸ್ಟಿಮೇಟ್ ಬರೆಸಿ.

ಸಸಿಗಳಿಗೆ ಅರಣ್ಯ ಇಲಾಖೆಯ ಸಾಮಾಜಿಕ ಅರಣ್ಯ ವಿಭಾಗ. ಜೂನ್‌ನಲ್ಲಿ ಹೋಗಿ ಕೇಳಿದರೆ ನರ್ಸರಿಯಲ್ಲಿ ಉಳಿದದ್ದು ಸಿಗುತ್ತದೆ, ನಿಮಗೆ ಬೇಕಾದ್ದಲ್ಲ. ಹಿಂದಿನ ಡಿಸೆಂಬರ್ ಒಳಗೆ ಜಾತಿವಾರು ಬೇಡಿಕೆ ಕೊಡಿ: ಹುಣಸೆ ಇಷ್ಟು, ಹಿಪ್ಪೆ ಇಷ್ಟು, ನೇರಳೆ ಇಷ್ಟು ಎಂದು. ದೊಡ್ಡ ಚೀಲದ ಸಸಿಯನ್ನೇ ಕೇಳಿ. ಪೆನ್ಸಿಲ್ ದಪ್ಪದ ಕಡ್ಡಿಗಿಂತ ನಾಲ್ಕಡಿ ಬೆಳೆದ ಸಸಿ ಬದುಕುವ ಸಾಧ್ಯತೆ ಹೆಚ್ಚು.

ತೋಪಿನ ಸುತ್ತಲ ರೈತರನ್ನು ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಗೆ ಸೇರಿಸಿ. ರಿಯಾಯಿತಿ ದರದ ಸಸಿ ಬದುವಿನ ಮೇಲೆ ನೆಟ್ಟು ಉಳಿಸಿಕೊಂಡವರಿಗೆ, ಬದುಕಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿಯಂತೆ ಒಟ್ಟು 125 ರೂಪಾಯಿ ಸಿಗುತ್ತದೆ. ನನಗೆ ಈ ಯೋಜನೆ ಬಹಳ ಇಷ್ಟ, ಯಾಕೆಂದರೆ ಇಲ್ಲಿ ಹಣ ಸಿಗುವುದು ನೆಟ್ಟದ್ದಕ್ಕಲ್ಲ, ಉಳಿಸಿದ್ದಕ್ಕೆ. ಎಲ್ಲ ಅನುದಾನವೂ ಹೀಗೇ ಇದ್ದಿದ್ದರೆ ನಮ್ಮ ರಸ್ತೆಬದಿಗಳಲ್ಲಿ ಇಷ್ಟು ಖಾಲಿ ಗುಂಡಿಗಳಿರುತ್ತಿರಲಿಲ್ಲ.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಎರಡೂ ಬಾಳಿಕೆ ಬರುವ ಆಸ್ತಿಗೆ. ಕೊಳವೆಬಾವಿ, ನೀರಿನ ತೊಟ್ಟಿ ಇದರಲ್ಲಿ ಕೇಳಬಹುದು, ನೀರು ಹಾಕುವ ಕೂಲಿ ಕೇಳುವ ಹಾಗಿಲ್ಲ. ಶಾಸಕರ ಬಳಿ ಹೋಗುವಾಗ ಬರೀ ಮನವಿ ಹಿಡಿದು ಹೋಗಬೇಡಿ. ಸರ್ವೆ ಸ್ಕೆಚ್, ಠರಾವು, ಎಸ್ಟಿಮೇಟ್ ಮೂರನ್ನೂ ಪಿನ್ ಮಾಡಿ ಕೊಟ್ಟರೆ ಶಿಫಾರಸು ಅಲ್ಲೇ ಆಗುವುದುಂಟು.

ಪಟ್ಟಣದವರಾದರೆ ನಗರ ವನ ಯೋಜನೆ ನೋಡಿ. 2020ರ ಜೂನ್ 5ರಂದು ಕೇಂದ್ರ ಘೋಷಿಸಿದ ಈ ಯೋಜನೆಯಲ್ಲಿ ಹೆಕ್ಟೇರಿಗೆ 4 ಲಕ್ಷ ರೂಪಾಯಿ ನೆರವು. ಹಣ ಕ್ಯಾಂಪಾ (ಅರಣ್ಯ ಭೂಮಿ ಬೇರೆ ಬಳಕೆಗೆ ಹೋದಾಗ ಪರಿಹಾರವಾಗಿ ಕಟ್ಟಿಸಿಕೊಂಡ) ನಿಧಿಯದು, ನಡೆಸುವುದು ಅರಣ್ಯ ಇಲಾಖೆ. ಹಾಗಾಗಿ ಪುರಸಭೆ, ನಾಗರಿಕರ ಸಂಘ ಏನೇ ಇದ್ದರೂ ಪ್ರಸ್ತಾವನೆ ಇಲಾಖೆಯ ಮೂಲಕವೇ ಹೋಗಬೇಕು.

ತೋಪು ಕೆರೆಗೆ ಅಂಟಿಕೊಂಡಿದ್ದರೆ ಕೆರೆ ಯಾರ ಸುಪರ್ದಿ ಎಂದು ತಿಳಿಯಿರಿ. 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನದ್ದು ಪಂಚಾಯತ್ ರಾಜ್ ವ್ಯವಸ್ಥೆಗೆ, 40ರಿಂದ 2000 ಹೆಕ್ಟೇರಿನದ್ದು ಸಣ್ಣ ನೀರಾವರಿ ಇಲಾಖೆಗೆ. ಏರಿಯ ಮೇಲೆ ನಡಿಗೆ ದಾರಿ ಮಾಡಲು ಅವರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ತೂಬು, ಕೋಡಿಯ ಹತ್ತಿರ ಒಂದು ಕಲ್ಲನ್ನೂ ಅಲುಗಿಸಬೇಡಿ.

ಐದನೇ ಹಂತ: ಎಸ್ಟಿಮೇಟ್

ಎಸ್ಟಿಮೇಟ್ ಬರೆಯುವುದು ಎಂಜಿನಿಯರ್ ಕೆಲಸ. ಆದರೆ ನೆಲ ತೋರಿಸುವುದು ನಿಮ್ಮ ಕೆಲಸ. ಅವರ ಜೊತೆ ತೋಪು ಸುತ್ತಿ, ನೀರು ಯಾವ ಕಡೆಯಿಂದ ನುಗ್ಗುತ್ತದೆ, ದನ ಯಾವ ಸಂದಿನಿಂದ ಬರುತ್ತದೆ ಎಂದು ತೋರಿಸಿ.

ಲೆಕ್ಕ ನೀವೂ ಹಾಕಿಕೊಳ್ಳಿ. ಮೂರು ಎಕರೆ ಚೌಕಾಕಾರದ ಜಾಗ ಸುಮಾರು 110 ಮೀಟರ್ ಉದ್ದ, ಅಷ್ಟೇ ಅಗಲ. ಸುತ್ತಳತೆ 440 ಮೀಟರ್. ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ಕಂದಕ ತೆಗೆದರೆ 440 ಘನಮೀಟರ್ ಮಣ್ಣು. ಆ ಮಣ್ಣನ್ನು ಒಳಬದಿಗೆ ದಿಂಡು ಹಾಕಿ, ಮಳೆ ಬಿದ್ದಾಗ ಅದರ ಮೇಲೆ ಕತ್ತಾಳೆ ಕಂದು, ಕಳ್ಳಿ ನಾಟಿ ಮಾಡಿ. ಮುಳ್ಳುತಂತಿ ಎರಡು ವರ್ಷಕ್ಕೆ ಕಳುವಾಗುತ್ತದೆ, ಕಂದಕವನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ.

ಹುಣಸೆ, ಮಾವಿನಂಥ ದೊಡ್ಡ ಮರಕ್ಕೆ ಹತ್ತು ಮೀಟರ್ ಅಂತರ ಬೇಕು. ಎಕರೆಗೆ 40 ಸಸಿ. ಐದು ಮೀಟರಿಗೊಂದು ಹಾಕಿದರೆ 160. ಎಕರೆಗೆ ಸಾವಿರ ಸಸಿ ಎಂದು ಬರೆದ ಎಸ್ಟಿಮೇಟ್ ಕಂಡರೆ ಅದು ಫೋಟೊಗಾಗಿ ಬರೆದದ್ದು, ತೋಪಿಗಾಗಿ ಅಲ್ಲ. ಇರುವ ಹಳೆಯ ಮರಗಳ ನೆರಳನ್ನೂ ಲೆಕ್ಕದಿಂದ ಕಳೆಯಿರಿ.

ಈಗ ನೀರು. 160 ಸಸಿ, ಒಂದಕ್ಕೆ 20 ಲೀಟರ್, ವಾರಕ್ಕೊಂದು ಸಲ: 3200 ಲೀಟರ್. ಫೆಬ್ರುವರಿಯಿಂದ ಮೇ ಕೊನೆಯವರೆಗೆ ಹದಿನೇಳು ವಾರ: 54,400 ಲೀಟರ್, ಅಂದರೆ ಐದು ಸಾವಿರ ಲೀಟರಿನ ಹನ್ನೊಂದು ಟ್ಯಾಂಕರ್. ಇದು ಒಂದು ಬೇಸಿಗೆಯದು. ಮೂರರಿಂದ ಗುಣಿಸಿ. ಆ ಮೊತ್ತ ಎಸ್ಟಿಮೇಟಿನ "ನಿರ್ವಹಣೆ" ಸಾಲಿನಲ್ಲಿ ಇದೆಯೇ? ಇಲ್ಲದಿದ್ದರೆ ಪ್ರವೇಶದ್ವಾರದ ಕಮಾನು, ಪೇವರ್ ಟೈಲ್ಸ್, ಬಣ್ಣದ ಕಾಂಪೌಂಡು ಎಲ್ಲವನ್ನೂ ಹೊಡೆದು ಹಾಕಿಸಿ ಈ ಸಾಲು ತುಂಬಿಸಿ. ಕಮಾನಿನ ಮೇಲೆ ಹೆಸರು ಕೆತ್ತಿಸಲು ಆಸೆ ಪಡುವವರು ಇದ್ದೇ ಇರುತ್ತಾರೆ. ಆ ಸಭೆಯಲ್ಲಿ ಈ ಹನ್ನೊಂದು ಟ್ಯಾಂಕರಿನ ಲೆಕ್ಕ ಗಟ್ಟಿಯಾಗಿ ಓದಿ ಹೇಳಿ.

ನಡಿಗೆ ದಾರಿಗೆ ಮೊರಂಬು ಸಾಕು. ನಡುವೆ ಸ್ವಲ್ಪ ಉಬ್ಬು, ಎರಡೂ ಬದಿಗೆ ಇಳಿಜಾರು ಇರಲಿ. ಹಳೆಯ ಮರದ ಬೇರಿನ ಮೇಲೆ ದಾರಿ ಹಾಯಿಸಬೇಡಿ, ಬುಡಕ್ಕೆ ಸಿಮೆಂಟಿನ ಕಟ್ಟೆ ಕಟ್ಟಬೇಡಿ.

ಆರನೇ ಹಂತ: ಕೆಲಸ ಮತ್ತು ದಾಖಲೆ

ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಕಾಮಗಾರಿ ಆದೇಶ ಮೂರೂ ಕೈಗೆ ಬಂದ ಮೇಲೆಯೇ ಗುದ್ದಲಿ ಎತ್ತಿ. ಉತ್ಸಾಹದಲ್ಲಿ ಮೊದಲೇ ತೆಗೆದ ಕಂದಕಕ್ಕೆ ಬಿಲ್ ಆಗುವುದಿಲ್ಲ. ಬೆವರು ಸುರಿಸಿದ ಕೂಲಿಯವರು ಕೇಳುವುದು ನಿಮ್ಮನ್ನೇ.

ಒಂದೇ ಜಾಗದಲ್ಲಿ ನಿಂತು ಮೂರು ಸಲ ಫೋಟೊ ತೆಗೆಯಿರಿ: ಕೆಲಸದ ಮೊದಲು, ನಡುವೆ, ಮುಗಿದ ಮೇಲೆ. ಮೂರರಲ್ಲೂ ಒಂದೇ ಮರ ಕಾಣುವಂತಿರಲಿ. ಹಾಜರಿಯನ್ನು ಕಾಯಕ ಬಂಧು (ಕೂಲಿ ಗುಂಪಿನ ಮೇಟಿ) ದಿನಾ ಹಾಕುತ್ತಿದ್ದಾರೆಯೇ, ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆಯುವಾಗ ಟೇಪಿನ ಒಂದು ತುದಿ ಊರಿನವರ ಕೈಯಲ್ಲಿದೆಯೇ ಎಂದು ನೋಡಿಕೊಳ್ಳಿ. ಕಾಮಗಾರಿ ಫಲಕದಲ್ಲಿ ಮೊತ್ತ, ಬಾಬ್ತು, ಕೆಲಸದ ಅವಧಿ ಬರೆದಿರಬೇಕು. ಹಣ ಬಳಕೆ ಪ್ರಮಾಣಪತ್ರ ಸಕಾಲಕ್ಕೆ ಹೋಗದಿದ್ದರೆ ಎರಡನೇ ಕಂತು ಬರುವುದಿಲ್ಲ, ಆದ್ದರಿಂದ ಅದು ಹೋದ ದಿನಾಂಕವನ್ನು ನೀವೂ ಬರೆದಿಟ್ಟುಕೊಳ್ಳಿ. ಕಡತ ಎಲ್ಲಿ ನಿಂತಿದೆ ಎಂದು ಯಾರೂ ಹೇಳದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ.

ಏಳನೇ ಹಂತ: ಮೂರು ಬೇಸಿಗೆ

ನೀರಿನ ಕೂಲಿ ಉದ್ಯೋಗ ಖಾತ್ರಿಯಿಂದ ಬರುತ್ತಿದ್ದರೂ, ಹೆಸರು ಹಿಡಿದು ಜವಾಬ್ದಾರಿ ಹಂಚಿ. ನಮ್ಮಲ್ಲಿ ಸ್ತ್ರೀಶಕ್ತಿ ಸಂಘದ ಆರು ಹೆಂಗಸರು ಇಪ್ಪತ್ತೈದು, ಇಪ್ಪತ್ತೈದು ಸಸಿ ವಹಿಸಿಕೊಂಡರು, ಉಳಿದ ಹತ್ತು ಶಾಲಾ ಮಕ್ಕಳಿಗೆ. ಪ್ರತಿ ಸಸಿಯ ಬುಡಕ್ಕೆ ತಳ ತೂತಾದ ಹಳೆಯ ಮಡಕೆ ಹೂಳಿ, ತೂತಿಗೆ ಬಟ್ಟೆಯ ಬತ್ತಿ ಇಟ್ಟು, ನೀರನ್ನು ಅದಕ್ಕೇ ತುಂಬಿಸುತ್ತಿದ್ದರು. ಮೇಲೆ ಒಣಹುಲ್ಲಿನ ಹೊದಿಕೆ. ಮಣ್ಣಿನ ಮೇಲೆ ಸುರಿದ ನೀರು ಮಧ್ಯಾಹ್ನಕ್ಕೆ ಆವಿಯಾದರೆ, ಮಡಕೆಯ ನೀರು ಮೂರು ದಿನ ಜಿನುಗುತ್ತಿತ್ತು.

ಜನವರಿ ಕೊನೆಗೆ ಗಡಿಯುದ್ದಕ್ಕೂ ಹತ್ತಡಿ ಅಗಲ ಹುಲ್ಲು ಸವರಿ ಬೆಂಕಿರೇಖೆ ಮಾಡಿ. ಸತ್ತ ಸಸಿಗಳ ಎಣಿಕೆ ಮೇ ಕೊನೆಗೆ ಮುಗಿಯಲಿ, ಬದಲಿ ಸಸಿ ಜೂನಿಗೆ ಸಿಗಲಿ. ಹುಣಸೆ, ಮಾವಿನ ಫಸಲಿನ ಹರಾಜಿನ ಹಣದಲ್ಲಿ ಒಂದು ಪಾಲು ತೋಪಿಗೇ ಎಂದು ಪಂಚಾಯಿತಿಯಲ್ಲಿ ಠರಾವು ಮಾಡಿಸಿ. ಅನುದಾನ ಮುಗಿದ ಮೇಲೆ ಕಂದಕದ ಹೂಳು ತೆಗೆಯಲು ಉಳಿಯುವ ದಾರಿ ಅದೊಂದೇ.

ಮೂರನೇ ಬೇಸಿಗೆ ಕಳೆದು ಉತ್ತರದ ಅರ್ಧವನ್ನು ಕುರಿಗಳಿಗೆ ಬಿಟ್ಟಾಗ, ಕಾಂಡ ಮುಂಗೈ ದಪ್ಪ ಆಗದ ಸಸಿಗಳಿಗೆ ಮಾತ್ರ ಮುಳ್ಳು ಸುತ್ತಿದೆವು. ಈಗ ಪ್ರತಿ ವರ್ಷ ಹೊಸತೊಡಕಿನ ಬೆಳಿಗ್ಗೆ ಮಕ್ಕಳು ಸುಣ್ಣದ ಬಕೆಟ್ ಹಿಡಿದು ಗಡಿ ಸುತ್ತುತ್ತಾರೆ. ಒಟ್ಟು ಹದಿಮೂರು ಬಾಂದು ಕಲ್ಲು. ಒಂದೊಂದಕ್ಕೂ ಸುಣ್ಣ ಬಳಿದು, ಲೆಕ್ಕ ಕೂಗಿ ಹೇಳಿ, ಮುಂದಿನದಕ್ಕೆ ಓಡುತ್ತಾರೆ. ಹಿಪ್ಪೆಮರದಿಂದ ಹದಿನೆಂಟು ಹೆಜ್ಜೆ ಎಂಬುದು ಈಗ ಅವರಿಗೂ ಗೊತ್ತು.